ಗಣಕಯಂತ್ರದಲ್ಲಿ ಅಕ್ಷರಶುದ್ಧಿ

ಲಿಪಿಯನ್ನರಿಯದೆ ಓಲೆಯನ್ನೋದಲು ಹೊರಟವನಿಗೆ ಅರ್ಥವು ದೊರೆಯದು. ಕನ್ನಡ, ತೆಲುಗು, ತಮಿಳುಗಳು ಒಡನಾಡುವ ಕ್ಯಾಸಂಬಳ್ಳಿಯ ಸೀಮೆಯಲ್ಲಿ ಈ ಮಾತನ್ನು ವಿಸ್ತರಿಸಬೇಕಾದುದಿಲ್ಲ. ಅಂತರಜಾಲದ ಸರ್ವರಿನಿಂದ ಮಾಹಿತಿಯನ್ನು ತರಿಸಿಕೊಳ್ಳುವ ಎಚ್‌ಟಿಟಿಪಿ ಕ್ರಮವಿಧಿಯನ್ನು ರಚಿಸುವವರಿಗೂ ಇದೇ ನಿಯಮವು ಅನ್ವಯಿಸುತ್ತದೆ.

ಸರ್ವರು ಕಳುಹಿಸುವುದು ಅಕ್ಷರಗಳನ್ನಲ್ಲ. ಬೈಟುಗಳೆಂಬ, 0 ಮೊದಲ್ಗೊಂಡು 255ರವರೆಗಿನ ಸಂಖ್ಯೆಗಳನ್ನು. ಯೂನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ 'ಕ' ಎಂಬುದು 224, 178, 149 ಎಂಬ ಮೂರು ಬೈಟುಗಳು. ಮೇಲ್ಕಂಡ ಮೂರು ಭಾಷೆಗಳ ಅಕ್ಷರಗಳಿಗೂ ಮೊದಲ ಬೈಟು 224 ಆಗಿದೆ. ಎರಡನೆಯದು ತಮಿಳಿಗೆ 174 ಅಥವಾ 175, ತೆಲುಗಿಗೆ 176 ಅಥವಾ 177, ಕನ್ನಡಕ್ಕೆ 178 ಅಥವಾ 179. 'ಕ್ಯಾಸಂಬಳ್ಳಿ' ಎಂಬ ಹೆಸರಿನಲ್ಲಿ ಕಣ್ಣಿಗೆ ಕಾಣುವ ಅಕ್ಷರಗಳು ನಾಲ್ಕು, ವ್ಯಂಜನ, ಸ್ವರಚಿಹ್ನೆ, ಅನುಸ್ವಾರ, ಹಲಂತಗಳನ್ನು ಬಿಡಿಸಿ ಎಣಿಸಿದರೆ ಸಂಕೇತಗಳು 11, ಬೈಟುಗಳು 33.

ಇವುಗಳನ್ನು ಓದುವ ಪದ್ಧತಿಯನ್ನು ಉತ್ತರದ ಶಿರೋಭಾಗದಲ್ಲಿನ 'ಕಂಟೆಂಟ್-ಟೈಪ್' ಸಾಲಿನ 'ಚಾರ್‌ಸೆಟ್' ಎಂಬ ಪದವು ಸೂಚಿಸುತ್ತದೆ. ಅದಿಲ್ಲದಿದ್ದಾಗಲೇ ತೊಡಕು. ಅಂತಹ ಪಠ್ಯವನ್ನು ಪಶ್ಚಿಮ ಯೂರೋಪಿನ ಭಾಷೆಗಳ ಐಎಸ್‌ಒ-8859-1 ಪದ್ಧತಿಯದೆಂದು ಭಾವಿಸಬೇಕೆಂದು 1999ರ ಎಚ್‌ಟಿಟಿಪಿ ನಿಯಮಾವಳಿಯು ವಿಧಿಸಿತ್ತು. 2014ರ ಪರಿಷ್ಕರಣವು ಆ ವಿಧಿಯನ್ನು ಕೈಬಿಟ್ಟಿತು. ಆದರೂ ಪೈಥಾನ್ ಭಾಷೆಯ 'ರಿಕ್ವೆಸ್ಟ್ಸ್' ಎಂಬ ಸಾಧನದಲ್ಲಿ ಹಳೆಯ ರೂಢಿಯು ಉಳಿದಿದೆ. ಆಗ ಬೈಟೊಂದಕ್ಕೆ ಚಿಹ್ನೆಯೊಂದರಂತೆ ಕ್ಯಾಸಂಬಳ್ಳಿಯು 33 ವಿಜಾತೀಯ ಚಿಹ್ನೆಗಳಾಗಿ ಚೂರಾಗುತ್ತದೆ.

ಪರಿಹಾರವು ಕ್ರಮಪಾಲನೆಯಲ್ಲಿದೆ. ಉತ್ತರವು 'ಜಿಜಿಪ್' ರೀತಿಯಲ್ಲಿ ಸಂಕುಚಿತವಾಗಿದ್ದರೆ ಮೊದಲು ಅದನ್ನು ಬಿಡಿಸಬೇಕು. ತುಣುಕುಗಳಾಗಿ ಬಂದರೆ ಎಲ್ಲವನ್ನೂ ಕೂಡಿಸಿದ ಮೇಲೆಯೇ ಓದಬೇಕು. ಇಲ್ಲವಾದರೆ ಒಂದೇ ಅಕ್ಷರದ ಮೂರು ಬೈಟುಗಳು ಎರಡು ತುಣುಕುಗಳಿಗೆ ಹಂಚಿಹೋದಾವು. ಬಳಿಕ ಶಿರೋಭಾಗದ ಸೂಚನೆಯನ್ನು ನೋಡಬೇಕು. ಅದಿಲ್ಲದಿದ್ದರೆ ಎಚ್‌ಟಿಎಂಎಲ್ ಪುಟದ ಆರಂಭದಲ್ಲಿರುವ 'ಮೆಟಾ' ಘೋಷಣೆಯನ್ನು ಅರಸಬೇಕು. ಜೇಸನ್ ರೂಪದ ಮಾಹಿತಿಗೆ ಯುಟಿಎಫ್-8 ಪದ್ಧತಿಯೇ ವಿಹಿತ.

ಹಳೆಯ ಕನ್ನಡ ಪುಟಗಳಲ್ಲಿ ಇನ್ನೊಂದು ಸೂಕ್ಷ್ಮವುಂಟು. ಯೂನಿಕೋಡ್ ಬಳಕೆಗೆ ಬರುವ ಮುನ್ನ 'ನುಡಿ', 'ಬರಹ' ತಂತ್ರಾಂಶಗಳ ಫಾಂಟುಗಳು ಲ್ಯಾಟಿನ್ ಅಕ್ಷರಗಳ ಸಂಖ್ಯೆಗಳಿಗೇ ಕನ್ನಡದ ಆಕೃತಿಗಳನ್ನು ತೊಡಿಸಿದ್ದವು. ಅಲ್ಲಿ ಶಿರೋಭಾಗದ ಸೂಚನೆ ಸರಿಯಿದ್ದರೂ ಸಾಲದು. ಪ್ರತ್ಯೇಕ ಪರಿವರ್ತನೆಯು ಅವಶ್ಯಕ.

ತಪ್ಪಾಗಿ ಓದಿದ 33 ಚಿಹ್ನೆಗಳನ್ನು ಮರಳಿ ಬೈಟುಗಳಾಗಿಸಿ ಸರಿಪಡಿಸಬಹುದು. ಆದರೆ ಅರಿಯದ ಬೈಟುಗಳ ಸ್ಥಾನದಲ್ಲಿ ಪ್ರಶ್ನಾರ್ಥಕ ಚಿಹ್ನೆಯನ್ನಿಟ್ಟು ದಾಖಲೆಯನ್ನು ಉಳಿಸಿದರೆ ಮೂಲವು ನಷ್ಟವಾಯಿತೆಂದೇ ತಿಳಿಯಬೇಕು. ಅಳಿದುದು ಒಬ್ಬ ರೈತನ ಹೆಸರಾಗಿರಬಹುದು, ಒಂದು ಊರಿನ ಹೆಸರಾಗಿರಬಹುದು. ಆದ್ದರಿಂದ ಮೂಲ ಬೈಟುಗಳನ್ನು ಕಾಪಿಡುವುದು, ಸಂದೇಹ ಬಂದೆಡೆ ಊಹಿಸದೆ ದೋಷವನ್ನು ಪ್ರಕಟಪಡಿಸುವುದು ವಿವೇಕ. ಪ್ರತಿ ಮಾಡುವವನು ಮೂಲವನ್ನು ಅಳಿಸಬಾರದೆಂಬುದು ಲಿಪಿಕಾರನಿಗೆ ಹೇಗೋ, ಗಣಕಕ್ಕೂ ಹಾಗೆಯೇ.