ಕೆಸು ಬೆಂದಾಗ ತುರಿಕೆ ಎಲ್ಲಿ ಹೋಗುತ್ತದೆ?

ಮಳೆಗಾಲ ಹಿಡಿದೊಡನೆ ಮಲೆನಾಡು ಮತ್ತು ಕರಾವಳಿಯ ತೋಡಿನ ಅಂಚುಗಳಲ್ಲಿ, ಜೌಗು ನೆಲದಲ್ಲಿ ಕೆಸು ತಾನಾಗಿ ಚಿಗುರುತ್ತದೆ. ಸಸ್ಯಶಾಸ್ತ್ರದಲ್ಲಿ ಇದು ಕೊಲೊಕೇಸಿಯ ಎಸ್ಕುಲೆಂಟ. ಇದರ ಎಲೆಯಿಂದ ಪತ್ರೊಡೆ, ಕರಕಲಿ ಮಾಡುತ್ತಾರೆ. ಅದೇ ಎಲೆಯನ್ನು ಹಸಿಯಾಗಿ ಕಚ್ಚಿದರೆ ಬಾಯಿ, ಗಂಟಲು ಉರಿದು ಊದಿಕೊಳ್ಳುತ್ತವೆ. ವಿದ್ಯಾರ್ಥಿಯಾಗಿದ್ದಾಗ ಹತ್ತೇ ನಿಮಿಷ ಬೇಯಿಸಿದ ಕೆಸುವಿನ ಪಲ್ಯ ತಿಂದು ಇಡೀ ರಾತ್ರಿ ಒದ್ದಾಡಿದ್ದು ನನಗಿನ್ನೂ ನೆನಪಿದೆ.

ಇದಕ್ಕೆ ಕಾರಣ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಹರಳುಗಳು. ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸಿನ ಉದ್ದದ ಈ ಸೂಜಿಗಳು ವಿಶೇಷ ಕೋಶಗಳಲ್ಲಿ ಕಟ್ಟುಕಟ್ಟಾಗಿ ಇರುತ್ತವೆ. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು ಎಂದು ನಾವು ತರಗತಿಯಲ್ಲಿ ಹೇಳುತ್ತೇವೆ. ಸೂಜಿಯ ತುದಿಯ ವಿಸ್ತೀರ್ಣ ಅತ್ಯಲ್ಪವಾದ್ದರಿಂದ ಅಗಿಯುವ ಸಣ್ಣ ಬಲವೂ ಅದನ್ನು ಬಾಯಿಯ ಒಳಪೊರೆಗೆ ಚುಚ್ಚಲು ಸಾಕು. ಆದರೆ ಚುಚ್ಚುವಿಕೆಯೊಂದೇ ಇಷ್ಟು ಉರಿ ತರದು. ಸೂಜಿಗೆ ಅಂಟಿಕೊಂಡ, ಪ್ರೋಟೀನನ್ನು ಕತ್ತರಿಸುವ ಕಿಣ್ವವೂ ಗಾಯದೊಳಕ್ಕೆ ಇಳಿಯುತ್ತದೆ.

ಬೇಯಿಸಿದರೆ ಹರಳು ಕರಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಕೋಣೆಯ ಉಷ್ಣತೆಯಲ್ಲಿ ಒಂದು ಲೀಟರ್ ನೀರಿನಲ್ಲಿ ಕರಗುವ ಕ್ಯಾಲ್ಸಿಯಂ ಆಕ್ಸಲೇಟ್ ಸುಮಾರು 7 ಮಿಲಿಗ್ರಾಂ ಮಾತ್ರ. ಕುದಿಯುವ ನೀರಿನಲ್ಲೂ ಹೆಚ್ಚೇನಿಲ್ಲ. ಅದು ವಿಭಜನೆಯಾಗಿ ಕಾರ್ಬೊನೇಟ್ ಆಗಬೇಕಾದರೆ ಉಷ್ಣತೆ 400 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಶಾಖಕ್ಕೆ ಸೋಲುವುದು ಕಿಣ್ವ. ದೀರ್ಘಕಾಲ ಬೆಂದಾಗ ಅದರ ರಚನೆ ಕೆಟ್ಟು ನಿಷ್ಕ್ರಿಯವಾಗುತ್ತದೆ. ಹುಣಸೆಹುಳಿಯ ಟಾರ್ಟಾರಿಕ್ ಆಮ್ಲ ಹರಳಿನ ಕರಗುವಿಕೆಯನ್ನು ಕೆಲವು ಪಟ್ಟು ಹೆಚ್ಚಿಸುತ್ತದೆ, ನಿಜ. ಆದರೆ 7 ಮಿಲಿಗ್ರಾಂನ ನಾಲ್ಕು ಪಟ್ಟೆಂದರೂ 28 ಅಷ್ಟೇ! ಹುಳಿ ಹಾಕಿದ್ದೇವೆಂದು ಬೇಗ ಇಳಿಸುವಂತಿಲ್ಲ.

ಕೊಯ್ಯುವ ಮುನ್ನ ಗಿಡವನ್ನು ಬಲ್ಲವರಿಂದ ಗುರುತಿಸಿಕೊಳ್ಳಿ. ಇದೇ ಕುಟುಂಬದಲ್ಲಿ ತಿನ್ನಬಾರದ ಗಿಡಗಳೂ ಇವೆ. ಚರಂಡಿ ನೀರಿನಲ್ಲಿ ಬೆಳೆದದ್ದು ಬೇಡ. ಎಳೆಯ ಎಲೆಗಳನ್ನು ಆರಿಸಿ, ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ದಂಟು, ದಪ್ಪ ನರಗಳನ್ನು ತೆಗೆಯಬೇಕು. ಪತ್ರೊಡೆಗೆ ಅಕ್ಕಿ, ಹುಣಸೆ, ಮೆಣಸಿನಕಾಯಿ, ಕೊತ್ತಂಬರಿಬೀಜಗಳ ಗಟ್ಟಿ ಹಿಟ್ಟನ್ನು ಎಲೆಯ ಬೆನ್ನಿಗೆ ಬಳಿದು, ಒಂದರ ಮೇಲೊಂದಿಟ್ಟು, ಸುರುಳಿ ಸುತ್ತಿ ಹಬೆಯಲ್ಲಿ ಚೆನ್ನಾಗಿ ಬೇಯಿಸುತ್ತಾರೆ. ಸುರುಳಿಯ ನಡುಭಾಗಕ್ಕೆ ಶಾಖ ನಿಧಾನವಾಗಿ ತಲಪುವುದರಿಂದ ಅವಸರ ಕೂಡದು.

ತುರಿಕೆ ಹೋಯಿತೆಂದರೆ ಆಕ್ಸಲೇಟ್ ಹೋಯಿತೆಂದಲ್ಲ. ಮೂತ್ರಪಿಂಡದಲ್ಲಿ ಕಲ್ಲಿನ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ತಿನ್ನಬೇಕು.

ಶಾಲೆಯಲ್ಲಿ ಸೂಕ್ಷ್ಮದರ್ಶಕವಿದ್ದರೆ ಕೈಗವಸು ಹಾಕಿಕೊಂಡು ಹಸಿ ದಂಟಿನ ರಸದ ಒಂದು ಹನಿಯನ್ನು ನೋಡಿ. ಬಳಿಕ ಬೆಂದ ದಂಟನ್ನು ಜಜ್ಜಿ ನೋಡಿ. ಸೂಜಿಗಳು ಅಲ್ಲಿಯೂ ಕಾಣಸಿಗುತ್ತವೆ.