ಹಕ್ಕಿ ಜ್ವರದ ವೈರಸ್ಸಿಗೆ ಎಷ್ಟು ಬಾಗಿಲು ಹಾಕಬೇಕು?

2012ರಲ್ಲಿ ಹೆಸರಘಟ್ಟದ ಕೇಂದ್ರ ಸರ್ಕಾರಿ ಕೋಳಿ ಸಾಕಣೆ ಕೇಂದ್ರದಲ್ಲಿ ಟರ್ಕಿ ಕೋಳಿಗಳು ಸತ್ತಾಗ ಮಾದರಿಗಳು ಭೋಪಾಲ್‌ಗೆ ಹೋದವು. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲಿ ಕೋಳಿಗಳು ಸತ್ತಾಗಲೂ ಭೋಪಾಲ್‌ಗೇ. ಅಲ್ಲಿನ ರಾಷ್ಟ್ರೀಯ ಉನ್ನತ ಭದ್ರತಾ ಪ್ರಾಣಿ ರೋಗಗಳ ಸಂಸ್ಥೆ ಹೌದು ಎಂದ ಮೇಲೆಯೇ ಹಕ್ಕಿ ಜ್ವರ ಅಧಿಕೃತವಾಗುವುದು. ಹೆಸರಿನಲ್ಲೇ ‘ಉನ್ನತ ಭದ್ರತೆ’ ಇರುವ ಇಂಥ ಜಾಗಗಳ ಬಗ್ಗೆ ಜನ ಏನೇನೋ ಊಹಿಸಿಕೊಳ್ಳುವುದು ಸಹಜ. ಉಬ್ಬಿದ ಉಡುಪು, ಕೆಂಪು ದೀಪ, ಸೈರನ್ ತೋರಿಸಿ ಸಿನಿಮಾದವರೂ ತಮ್ಮ ಪಾಲು ಸೇರಿಸಿದ್ದಾರೆ.

ಕಲ್ಪನೆ: ಅತಿ ಹೆಚ್ಚು ಜನರನ್ನು ಕೊಲ್ಲುವ ವೈರಸ್ ನಾಲ್ಕನೇ ಹಂತದ ಲ್ಯಾಬ್‌ನಲ್ಲೇ ಇರಬೇಕು

ಪ್ರಯೋಗಾಲಯಗಳ ಜೈವಿಕ ಸುರಕ್ಷತೆಗೆ ಒಂದರಿಂದ ನಾಲ್ಕರವರೆಗೆ ಹಂತಗಳಿವೆ. ಬಿಎಸ್‌ಎಲ್ ಎಂದು ಪತ್ರಿಕೆಗಳಲ್ಲಿ ಬರುವುದು ಇದೇ. ಪ್ರತಿವರ್ಷ ಮಳೆಗಾಲದಲ್ಲಿ ನಮ್ಮನ್ನು ಮಲಗಿಸುವ ಮಾಮೂಲಿ ಫ್ಲೂ ವೈರಸ್ಸಿಗೆ ಎರಡನೇ ಹಂತ ಸಾಕು. ಹಕ್ಕಿ ಜ್ವರದ ಎಚ್5ಎನ್1 ಮನುಷ್ಯರಿಗೆ ತಗಲಿ ದೃಢಪಟ್ಟ ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟು ಜನ ಸತ್ತಿದ್ದಾರೆ. ಅದಕ್ಕೂ ನಾಲ್ಕನೇ ಹಂತವಿಲ್ಲ. ಇನ್ನಷ್ಟು ಬಿಗಿ ಮಾಡಿದ ಮೂರನೇ ಹಂತವೇ ಅದರ ಜಾಗ.

1918ರ ಮಹಾಮಾರಿಯ ವೈರಸ್ಸಿಗೂ ಅಷ್ಟೇ. ಜಗತ್ತಿನಲ್ಲಿ ಸುಮಾರು 5 ಕೋಟಿ ಜನರನ್ನು ಬಲಿ ತೆಗೆದುಕೊಂಡಿತೆಂದು ಅಂದಾಜಿಸುವ ಆ ವೈರಸ್ಸನ್ನು ಟೆರೆನ್ಸ್ ಟಂಪಿ ಎಂಬ ವಿಜ್ಞಾನಿ ಅಟ್ಲಾಂಟಾದಲ್ಲಿರುವ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯಲ್ಲಿ ಮತ್ತೆ ಕಟ್ಟಿ, 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲಸ ನಡೆದದ್ದು ಬಿಗಿ ಮಾಡಿದ ಮೂರನೇ ಹಂತದ ಲ್ಯಾಬ್‌ನಲ್ಲಿ. ಸಹೋದ್ಯೋಗಿಗಳು ಮನೆಗೆ ಹೋದ ಮೇಲೆ ಅವರೊಬ್ಬರೇ ಒಳಗೆ ಹೋಗುತ್ತಿದ್ದರು, ಫ್ಲೂ ತಡೆಯುವ ಮಾತ್ರೆಯನ್ನು ದಿನವೂ ನುಂಗುತ್ತಿದ್ದರು.

ಇದರ ಪಕ್ಕಕ್ಕೆ ನಮ್ಮ ಮಂಗನ ಕಾಯಿಲೆಯನ್ನು ಇಟ್ಟು ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ವೈರಸ್ ಉಣುಗಿನಿಂದ ಬರುತ್ತದೆ, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಆದರೂ ಅಮೆರಿಕದ ಪಟ್ಟಿಯಲ್ಲಿ ಅದು ಎಬೋಲಾ ಜೊತೆ ನಾಲ್ಕನೇ ಹಂತದಲ್ಲಿ ಕೂತಿದೆ! ಎಷ್ಟು ಜನ ಸತ್ತರು ಎಂಬುದೊಂದೇ ಇಲ್ಲಿ ಲೆಕ್ಕವಲ್ಲ. ಸೋಂಕು ತಗಲಿದ ಕೆಲಸಗಾರನಿಗೆ ಕೊಡಲು ಔಷಧ ಇದೆಯೇ, ಲಸಿಕೆ ಇದೆಯೇ ಎಂಬುದೂ ಸೇರುತ್ತದೆ. ಫ್ಲೂಗೆ ಎರಡೂ ಇವೆ. ಈ ವಿಂಗಡಣೆ ಮುಖ್ಯವಾಗಿ ಲ್ಯಾಬ್ ಒಳಗಿರುವವನ ಜೀವವನ್ನು ನೋಡಿ ಮಾಡಿದ್ದೆಂಬ ಗುಮಾನಿ ನನಗಿದೆ. ಹೊರಗಿರುವವರ ಪಾಲಿಗೆ ಹೆಚ್ಚು ಭಯ ಹುಟ್ಟಿಸಬೇಕಾದದ್ದು ಫ್ಲೂ, ಮಂಗನ ಕಾಯಿಲೆಯಲ್ಲ.

ಕಲ್ಪನೆ: ವೈರಸ್ಸಿನ ಹೆಸರು ಹೇಳಿದರೆ ಸಾಕು, ಹಂತ ಗೊತ್ತಾಗುತ್ತದೆ

ಹೆಸರಷ್ಟೇ ಸಾಲದು, ಅದರ ಜೊತೆ ಏನು ಮಾಡುತ್ತೀರಿ ಎಂದೂ ಹೇಳಬೇಕು. ಸತ್ತ ಕೋಳಿಯ ಗಂಟಲ ದ್ರವವನ್ನು ವೈರಸ್ ಒಡೆಯುವ ರಾಸಾಯನಿಕದಲ್ಲಿ ಅದ್ದಿದ ಮೇಲೆ ಅಲ್ಲಿ ಜೀವಂತ ವೈರಸ್ ಉಳಿಯುವುದಿಲ್ಲ. ಮುಂದಿನ ಪಿಸಿಆರ್ ಪರೀಕ್ಷೆಗೆ ಎರಡನೇ ಹಂತದ ಲ್ಯಾಬ್ ಧಾರಾಳ. ಅದೇ ವೈರಸ್ಸನ್ನು ಮೊಟ್ಟೆಯಲ್ಲಿ ಬೆಳೆಸಿ ಕೋಟಿಗಟ್ಟಲೆ ಮಾಡಬೇಕೆಂದರೆ ಮೂರನೇ ಹಂತಕ್ಕೇ ಹೋಗಬೇಕು. ಲಸಿಕೆಗಾಗಿ ಬಳಸುವ ಎಚ್5ಎನ್1 ತಳಿ ಇನ್ನೂ ಬೇರೆ. 1934ರಲ್ಲಿ ಪೋರ್ಟೊರಿಕೊದಲ್ಲಿ ಸಿಕ್ಕಿದ ಹಳೆಯ ಫ್ಲೂ ವೈರಸ್ಸಿನ ಮೈಗೆ ಎಚ್5ಎನ್1ರ ಹೊರಮೈ ಪ್ರೋಟೀನುಗಳನ್ನು ಜೋಡಿಸುತ್ತಾರೆ, ಕೋಳಿಯ ಇಡೀ ದೇಹಕ್ಕೆ ಹರಡುವ ಶಕ್ತಿ ಕೊಡುವ ತುಣುಕನ್ನು ಕತ್ತರಿಸಿ ತೆಗೆಯುತ್ತಾರೆ. ಹಲ್ಲು ಕಿತ್ತ ಈ ತಳಿಗೆ ಅಷ್ಟು ಬಾಗಿಲು ಬೇಕಿಲ್ಲ.

ತಿರುಗುಮುರುಗಾದದ್ದೂ ಇದೆ. 2011ರಲ್ಲಿ ರಾಟರ್‌ಡ್ಯಾಮಿನ ರಾನ್ ಫೌಷಿಯೆ ಮತ್ತು ವಿಸ್ಕಾನ್ಸಿನ್‌ನ ಯೋಶಿಹಿರೊ ಕವಾವೊಕ ಅವರ ತಂಡಗಳು ಎಚ್5 ವೈರಸ್ ಫೆರೆಟ್ ಎಂಬ ಪ್ರಾಣಿಗಳ ನಡುವೆ ಗಾಳಿಯಲ್ಲೇ ಹರಡುವಂತೆ ಮಾಡಿ ತೋರಿಸಿದಾಗ ಜಗತ್ತು ಬೆಚ್ಚಿತು. ಇಬ್ಬರ ಕೆಲಸವೂ ಬಿಗಿ ಮಾಡಿದ ಮೂರನೇ ಹಂತದಲ್ಲೇ ನಡೆದಿತ್ತು. ಆದರೆ ಇಂಥ ವೈರಸ್ಸನ್ನು ನಾಲ್ಕನೇ ಹಂತದಲ್ಲೇ ಇಡಬೇಕೆಂದು ಕೆನಡಾ 2012ರಲ್ಲಿ ತೀರ್ಮಾನಿಸಿತು. ಅಂದರೆ ತಜ್ಞರೂ ಇಲ್ಲಿ ಒಮ್ಮತದಲ್ಲಿಲ್ಲ.

ಕಲ್ಪನೆ: ಫಿಲ್ಟರಿನ ತೂತಿಗಿಂತ ವೈರಸ್ ಚಿಕ್ಕದು, ನುಸುಳಿ ಹೋಗುತ್ತದೆ

ಮೂರನೇ ಹಂತದ ಲ್ಯಾಬ್‌ನೊಳಗೆ ಗಾಳಿಯ ಒತ್ತಡ ಹೊರಗಿನದಕ್ಕಿಂತ ಕಡಿಮೆ ಇರುತ್ತದೆ. ಬಾಗಿಲು ತೆರೆದರೆ ಗಾಳಿ ಒಳಗೆ ಹೋಗುತ್ತದೆಯೇ ಹೊರತು ಹೊರಗೆ ಬರುವುದಿಲ್ಲ. ಇಂಥ ವೈರಸ್ ಇರುವ ಕಡೆ ಹೊರಬಿಡುವ ಗಾಳಿ ಹೆಪಾ ಫಿಲ್ಟರ್ ದಾಟಿಯೇ ಹೋಗಬೇಕು. ಈ ಫಿಲ್ಟರ್ 0.3 ಮೈಕ್ರಾನ್ ಕಣಗಳಲ್ಲಿ ಶೇ 99.97ರಷ್ಟನ್ನು ಹಿಡಿಯುತ್ತದೆ. ಫ್ಲೂ ವೈರಸ್ ಸುಮಾರು 0.1 ಮೈಕ್ರಾನ್. ಹಾಗಾದರೆ ತಪ್ಪಿಸಿಕೊಳ್ಳುವುದಿಲ್ಲವೇ?

ಫಿಲ್ಟರ್ ಎಂದರೆ ಜರಡಿ ಎಂದುಕೊಂಡರೆ ಈ ಗೊಂದಲ ಬರುತ್ತದೆ. ಅದು ಸಿಕ್ಕುಸಿಕ್ಕಾದ ಎಳೆಗಳ ದಟ್ಟ ಪದರ. ದೊಡ್ಡ ಕಣ ನೇರವಾಗಿ ಹೋಗಿ ಎಳೆಗೆ ಬಡಿಯುತ್ತದೆ. ತೀರಾ ಚಿಕ್ಕ ಕಣವನ್ನು ಗಾಳಿಯ ಅಣುಗಳು ಅತ್ತಿತ್ತ ತಳ್ಳುವುದರಿಂದ ಅದು ಓಲಾಡುತ್ತಾ ಸಾಗಿ ಯಾವುದೋ ಎಳೆಗೆ ಅಂಟಿಕೊಳ್ಳುತ್ತದೆ. ಎರಡಕ್ಕೂ ಸಿಗದೆ ಜಾರಿಕೊಳ್ಳುವ ಸಾಧ್ಯತೆ ಹೆಚ್ಚಿರುವುದು 0.3ರ ಆಸುಪಾಸಿನ ಕಣಕ್ಕೆ. ಅದಕ್ಕೇ ಪರೀಕ್ಷೆಗೆ ಆ ಅಳತೆಯನ್ನು ಆರಿಸಿಕೊಂಡದ್ದು.

ಕಲ್ಪನೆ: ಕಟ್ಟಡ ಭದ್ರವಾಗಿದ್ದರೆ ಮುಗಿಯಿತು

ಸೋರಿಕೆಯ ಕಥೆಗಳನ್ನು ಓದುತ್ತಾ ಹೋದರೆ ಗೋಡೆ ಬಿರುಕು ಬಿಟ್ಟದ್ದಕ್ಕಿಂತ ಮನುಷ್ಯರು ಆತುರಪಟ್ಟದ್ದು, ಮರೆತದ್ದು, ನೋಡದೆ ಕಳಿಸಿದ್ದೇ ಹೆಚ್ಚು ಸಿಗುತ್ತದೆ.

2014ರಲ್ಲಿ ಸಿಡಿಸಿಯ ಫ್ಲೂ ಲ್ಯಾಬ್‌ನಿಂದ ಅಮೆರಿಕದ ಕೃಷಿ ಇಲಾಖೆಯ ಕೋಳಿ ಸಂಶೋಧನಾ ಲ್ಯಾಬ್‌ಗೆ ಎಚ್9ಎನ್2 ಎಂಬ ಸೌಮ್ಯ ವೈರಸ್ ಹೋಗಬೇಕಿತ್ತು. ಹೋದದ್ದರಲ್ಲಿ ಎಚ್5ಎನ್1 ಬೆರೆತಿತ್ತು. ಪ್ರಯೋಗದ ಕೋಳಿಗಳೆಲ್ಲ ಸತ್ತಾಗ ಅಲ್ಲಿನವರಿಗೆ ಅನುಮಾನ ಬಂತು. ತನಿಖೆಯಲ್ಲಿ ಬಯಲಾದದ್ದು ಇಷ್ಟು: ಕನಿಷ್ಠ 90 ನಿಮಿಷ ಹಿಡಿಯಬೇಕಿದ್ದ ಕೆಲಸ 51 ನಿಮಿಷದಲ್ಲಿ ಮುಗಿದಿತ್ತು. ವಿಜ್ಞಾನಿಗೆ ಮೀಟಿಂಗಿಗೆ ಹೊತ್ತಾಗಿತ್ತು! ಒತ್ತಡ, ಫಿಲ್ಟರ್, ಬಾಗಿಲು ಎಲ್ಲವೂ ಸರಿಯಾಗಿದ್ದರೂ ಈ ಎಡವಟ್ಟನ್ನು ಅವು ತಡೆಯುವಂತಿರಲಿಲ್ಲ. ಪುಣ್ಯಕ್ಕೆ ಯಾರಿಗೂ ಸೋಂಕು ತಗಲಲಿಲ್ಲ.

2005ರದ್ದು ಇನ್ನೂ ವಿಚಿತ್ರ. ಲ್ಯಾಬ್‌ಗಳ ನೈಪುಣ್ಯ ಪರೀಕ್ಷಿಸಲೆಂದು ಅಮೆರಿಕದಿಂದ ಕಳಿಸಿದ ಕಿಟ್‌ಗಳಲ್ಲಿ 1957ರ ಮಹಾಮಾರಿಯ ಎಚ್2ಎನ್2 ವೈರಸ್ ಇತ್ತು. ಸುಮಾರು 18 ದೇಶಗಳ 3,700ಕ್ಕೂ ಹೆಚ್ಚು ಲ್ಯಾಬ್‌ಗಳಿಗೆ ಅವು ತಲುಪಿದ್ದವು. 1968ರಲ್ಲೇ ಮನುಷ್ಯರಿಂದ ಮರೆಯಾದ ವೈರಸ್ ಅದು. ಆಮೇಲೆ ಹುಟ್ಟಿದವರಿಗೆ ಅದರ ಪರಿಚಯವೇ ಇಲ್ಲ. ಕೆನಡಾದ ಲ್ಯಾಬ್ ಒಂದು ಗುರುತಿಸಿದ ಮೇಲೆ ಎಲ್ಲವನ್ನೂ ನಾಶಮಾಡಲು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಆಗಿನ ಅಮೆರಿಕದ ನಿಯಮದಲ್ಲಿ ಎಚ್2ಎನ್2 ಎರಡನೇ ಹಂತದ್ದು. ಪಟ್ಟಿಯೇ ಎಚ್ಚರ ತಪ್ಪಿದ್ದಾಗ ಪಟ್ಟಿಯಂತೆ ನಡೆದವರನ್ನು ದೂರುವುದು ಹೇಗೆ?

ನಾಲ್ಕನೇ ಹಂತವೂ ಇದಕ್ಕೆ ಹೊರತಲ್ಲ. 2003ರ ಡಿಸೆಂಬರ್‌ನಲ್ಲಿ ತೈವಾನಿನ ನಾಲ್ಕನೇ ಹಂತದ ಲ್ಯಾಬ್‌ನಲ್ಲಿ ಚೆಲ್ಲಿದ ತ್ಯಾಜ್ಯ ಒರೆಸುತ್ತಿದ್ದ ಸಂಶೋಧಕರೊಬ್ಬರಿಗೆ ಸಾರ್ಸ್ ತಗಲಿತು. ಅದು ಫ್ಲೂ ಅಲ್ಲ, ಆದರೆ ಪಾಠ ಬೇರೆಯಲ್ಲ.

ಹಾಗಾಗಿಯೇ ಹಕ್ಕಿ ಜ್ವರದ ನಿಯಮಪುಸ್ತಕಗಳು ಲ್ಯಾಬ್‌ನ ಹೊಸಿಲಲ್ಲಿ ನಿಲ್ಲುವುದಿಲ್ಲ. ಹೊರಬರುವಾಗ ಸ್ನಾನ, ಬಟ್ಟೆ ಬದಲಾವಣೆ, ಜ್ವರ ಬಂದರೆ ತಕ್ಷಣ ತಿಳಿಸುವ ಕಟ್ಟುಪಾಡು. ಅಮೆರಿಕದ ನಿಯಮದಂತೆ ಈ ವೈರಸ್ ಮುಟ್ಟಿದವರು ಕನಿಷ್ಠ 5 ದಿನ ಕೋಳಿಗಳ ಹತ್ತಿರ ಸುಳಿಯುವಂತಿಲ್ಲ. ಹಿತ್ತಿಲಲ್ಲಿ ನಾಲ್ಕು ನಾಟಿ ಕೋಳಿ ಸಾಕುವ ಆಸೆ ಇರುವವರಿಗೆ ಈ ಉದ್ಯೋಗ ಆಗಿಬರದು.