ಒಂದು ವ್ಯಾನಿಗಾಗಿ ಹೊರಟವರು ಕಂಡದ್ದು

ಬೇಕಾಗಿದ್ದದ್ದು 25 ಸಾವಿರ ಡಾಲರ್. ಅಷ್ಟು ಕೂಡಿದರೆ ಜಿಮ್ ಮ್ಯಾಕ್‌ಲಾರೆನ್ ಅವರಿಗೆ ಕೈಯಿಂದಲೇ ಓಡಿಸಬಹುದಾದ ಒಂದು ವ್ಯಾನ್ ಬರುತ್ತಿತ್ತು. ಬೆಳಗ್ಗೆ ಎದ್ದು ಎಲ್ಲಿಗಾದರೂ ಹೋಗಬೇಕೆನಿಸಿದರೆ ಯಾರ ದಾರಿಯನ್ನೂ ಕಾಯದೆ ಹೊರಡಬಹುದಿತ್ತು. 1994ರಲ್ಲಿ ಬಾಬ್ ಬ್ಯಾಬಿಟ್, ಜೆಫ್ರಿ ಎಸಕೋವ್, ರಿಕ್ ಕೊಜ್ಲೋವ್‌ಸ್ಕಿ ಎಂಬ ಮೂವರು ಗೆಳೆಯರು ಆ ಹಣಕ್ಕಾಗಿ ಈಜು, ಸೈಕಲ್, ಓಟ ಮೂರೂ ಕೂಡಿದ ಒಂದು ಟ್ರಯಾಥ್ಲಾನ್ ನಡೆಸಲು ಹೊರಟರು. ಹಣ ಕೂಡಿತು, ವ್ಯಾನೂ ಬಂತು. ಆದರೆ ಆ ದಿನ ಅಲ್ಲಿ ಸಿಕ್ಕಿದ್ದು ವ್ಯಾನಿಗಿಂತ ದೊಡ್ಡದು. ಯಾರೂ ಹುಡುಕಿಕೊಂಡು ಹೋಗಿರದಿದ್ದ ಒಂದು ಕೊರತೆ ಅಲ್ಲಿ ತಾನಾಗಿಯೇ ಎದುರು ಬಂದು ನಿಂತಿತು.

ಅದು ನಡೆದ ಜಾಗ ಲಾ ಹೋಯ. ಕ್ಯಾಲಿಫೋರ್ನಿಯಾದ ತೆಂಕಣ ತುದಿಯಲ್ಲಿ, ಪೆಸಿಫಿಕ್ ಸಾಗರದ ಅಂಚಿನಲ್ಲಿದೆ. ಲೆಕ್ಕಕ್ಕೆ ಸ್ಯಾನ್ ಡಿಯಾಗೊ ನಗರದ ಒಂದು ಭಾಗವಾದರೂ ನೋಡುವವರಿಗೆ ಅದೊಂದು ಪುಟ್ಟ ಕಡಲೂರು. ಬಂಡೆಗಳ ನಡುವೆ ಅಂಗೈಯಗಲದ ಮರಳದಂಡೆ, ಅದಕ್ಕಿಳಿಯಲು ಮೆಟ್ಟಿಲು, ಬಂಡೆಗಳ ಮೇಲೆ ಮೈಚಾಚಿ ಮಲಗಿದ ಕಡಲಸಿಂಹಗಳು. ಅಲ್ಲಿನ ತಿಳಿನೀರಿನಲ್ಲಿ 1916ರಿಂದಲೇ ಈಜು ಸ್ಪರ್ಧೆ ನಡೆದುಬಂದಿದೆ. ಕಡಲಿನ ಜೊತೆ ಬೆಳೆದ ಊರು, ಈಜುವವರನ್ನು ಕಂಡರೆ ಬೆರಗಾಗದ ಊರು.

ಜಿಮ್ ಅವರ ಕತೆ 1985ರಿಂದ ಶುರುವಾಗುತ್ತದೆ. ಯೇಲ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದಲ್ಲಿ ಆಡಿದ್ದ, ನಟನಾಗುವ ಕನಸಿದ್ದ 22ರ ಯುವಕ. ನ್ಯೂಯಾರ್ಕಿನಲ್ಲಿ ಬೈಕಿನಲ್ಲಿ ಹೋಗುತ್ತಿದ್ದಾಗ ಬಸ್ಸೊಂದು ಬಂದು ಅಪ್ಪಳಿಸಿತು. ಜೀವ ಉಳಿಯಿತು, ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಮುಂದಿನ ವರ್ಷಗಳಲ್ಲಿ ಜಿಮ್ ಕೃತಕ ಕಾಲು ಕಟ್ಟಿಕೊಂಡು ಓಡಿದರು. ಮ್ಯಾರಥಾನನ್ನು 3 ಗಂಟೆ 16 ನಿಮಿಷದಲ್ಲಿ ಮುಗಿಸಿದರು. ಎರಡೂ ಕಾಲು ನೆಟ್ಟಗಿರುವ ಬಹುಪಾಲು ಓಟಗಾರರಿಗೂ ಎಟುಕದ ವೇಳೆ ಅದು. ಹವಾಯಿಯ ಐರನ್‌ಮ್ಯಾನ್ ಸ್ಪರ್ಧೆಯಲ್ಲಿ ಸುಮಾರು 3.9 ಕಿಲೋಮೀಟರ್ ಈಜಿ, 180 ಕಿಲೋಮೀಟರ್ ಸೈಕಲ್ ತುಳಿದು, 42 ಕಿಲೋಮೀಟರ್ ಓಡಿ, ಎಲ್ಲವನ್ನೂ 10 ಗಂಟೆ 42 ನಿಮಿಷದಲ್ಲಿ ಪೂರೈಸಿದರು.

1993ರ ಜೂನ್ ತಿಂಗಳು. ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯಲ್ಲಿ ಒಂದು ಟ್ರಯಾಥ್ಲಾನ್. ಜಿಮ್ ಸೈಕಲ್ ಮೇಲಿದ್ದರು. ಸ್ಪರ್ಧಿಗಳಿಗೆಂದು ಬಿಟ್ಟ ರಸ್ತೆಗೆ ಅಡ್ಡಲಾಗಿ ಒಂದು ವ್ಯಾನ್ ಬಂತು. ಸೈಕಲ್ಲಿಗೆ ಬಡಿಯಿತು, ಜಿಮ್ ಎಗರಿ ರಸ್ತೆಬದಿಯ ಕಂಬಕ್ಕೆ ಅಪ್ಪಳಿಸಿದರು. ಕತ್ತಿನ ಮೂಳೆ ಮುರಿದು ಬೆನ್ನುಹುರಿಗೆ ಪೆಟ್ಟಾಯಿತು. ಒಂದು ಕಾಲು ಕಳೆದುಕೊಂಡು ಲೋಕವನ್ನೇ ಓಡಿ ಗೆದ್ದವರು ಈಗ ನಾಲ್ಕೂ ಅಂಗಗಳ ಬಲ ಬಹುಮಟ್ಟಿಗೆ ಸೋತು ವೀಲ್‌ಚೇರ್ ಸೇರಿದರು.

ಗೆಳೆಯರಿಗೆ ಗೊತ್ತಿದ್ದ ವಿದ್ಯೆ ಒಂದೇ, ಟ್ರಯಾಥ್ಲಾನ್. ಬ್ಯಾಬಿಟ್ ಕ್ರೀಡಾಪತ್ರಿಕೆ ನಡೆಸುತ್ತಿದ್ದವರು, 1980ರಲ್ಲಿ ತಾವೂ ಐರನ್‌ಮ್ಯಾನ್ ಮುಗಿಸಿದ್ದವರು. ಕೊಜ್ಲೋವ್‌ಸ್ಕಿ ಅವರಿಗೆ ಸ್ಪರ್ಧೆಗಳನ್ನು ನಡೆಸುವುದೇ ಕಸುಬು. ಗೆಳೆಯನನ್ನು ಕೆಡವಿದ ಆಟವೇ ಅವನನ್ನು ಎತ್ತಲಿ ಎಂದು ಅವರು ಲಾ ಹೋಯದ ಕಡಲದಂಡೆಯನ್ನು ಆರಿಸಿಕೊಂಡರು.

ಆ ಆಟ ಹುಟ್ಟಿದ್ದೂ ಅಲ್ಲಿಂದ ಕೆಲವೇ ಮೈಲಿ ದೂರದಲ್ಲಿ. 1974ರ ಸೆಪ್ಟೆಂಬರ್ 25, ಬುಧವಾರ ಸಂಜೆ. ಸ್ಯಾನ್ ಡಿಯಾಗೊ ಟ್ರ್ಯಾಕ್ ಕ್ಲಬ್ಬಿನ ಜಾಕ್ ಜಾನ್‌ಸ್ಟೋನ್ ಮತ್ತು ಡಾನ್ ಶಾನಹನ್ ಮಿಷನ್ ಬೇ ಎಂಬ ಹಿನ್ನೀರಿನ ದಂಡೆಯಲ್ಲಿ ಹೊಸ ಸ್ಪರ್ಧೆಯೊಂದನ್ನು ಏರ್ಪಡಿಸಿದ್ದರು. ಓಟ ಮತ್ತು ಈಜು ಜಾನ್‌ಸ್ಟೋನ್ ಅವರ ಆಲೋಚನೆ, ಸೈಕಲ್ ಶಾನಹನ್ ಅವರದು. ಒಟ್ಟು 6 ಮೈಲಿ ಓಟ, 5 ಮೈಲಿ ಸೈಕಲ್, 500 ಗಜ ಈಜು. ಬಂದವರು 46 ಮಂದಿ. ಟ್ರೋಫಿ ಮೇಲೆ ಹೆಸರು ಕೆತ್ತಬೇಕಾಗಿದ್ದವನು ಟ್ರಯಾಥ್ಲಾನ್ ಎಂಬ ಪದವನ್ನು ನಿಘಂಟಿನಲ್ಲಿ ಹುಡುಕಿ, ಸಿಗದೆ, ಕಾಗುಣಿತ ಹೇಗೆಂದು ಜಾನ್‌ಸ್ಟೋನ್ ಅವರನ್ನೇ ಕೇಳಿದ. ಆಟಕ್ಕೆ ಹೆಸರಿಡುವ ಭಾಗ್ಯ ತಮ್ಮ ಪಾಲಿಗೆ ಬಂದದ್ದು ಅವರಿಗೆ ಆಗಲೇ ಅರಿವಾದದ್ದು. ಕೊನೆಯ ಈಜುಗಾರರು ದಡ ಸೇರುವಷ್ಟರಲ್ಲಿ ಕತ್ತಲಾಗಿತ್ತು. ಕಾರುಗಳ ಹೆಡ್‌ಲೈಟ್ ಬೆಳಕೇ ಅವರಿಗೆ ದಡ ತೋರಿಸಿತು.

ಅಂದು ಓಡಿದ 46 ಮಂದಿಯಲ್ಲಿ ನೌಕಾಪಡೆಯ ಅಧಿಕಾರಿ ಜಾನ್ ಕಾಲಿನ್ಸ್ ಮತ್ತು ಅವರ ಮಡದಿ ಜೂಡಿ ಕೂಡ ಇದ್ದರು. ಮುಂದೆ ಹವಾಯಿಗೆ ವರ್ಗವಾದಾಗ ದಂಪತಿ ಈ ಬೀಜವನ್ನು ಜೊತೆಗೆ ಒಯ್ದರು. 1978ರ ಫೆಬ್ರುವರಿ 18ರಂದು ಮೊದಲ ಐರನ್‌ಮ್ಯಾನ್ ನಡೆಯಿತು. ಹೊರಟವರು 15, ಮುಗಿಸಿದವರು 12. ಹೀಗೆ ಒಂದು ಸಂಜೆಯ ಆಟ ಲೋಕದ ಆಟವಾಯಿತು.

ಟ್ರಯಾಥ್ಲಾನ್ ನಡೆಸುವುದು ಓಟದ ಸ್ಪರ್ಧೆ ನಡೆಸಿದಂತಲ್ಲ. ನೀರಿನಲ್ಲಿ ಪ್ರತಿ ತಲೆಯ ಮೇಲೂ ಒಂದು ಕಣ್ಣಿರಬೇಕು. ಅದಕ್ಕೇ ಬಣ್ಣಬಣ್ಣದ ಟೋಪಿಗಳು, ತಂಡ ತಂಡವಾಗಿ ನೀರಿಗಿಳಿಸುವ ಕ್ರಮ, ಹಲಗೆಗಳ ಮೇಲೆ ತೇಲುತ್ತ ಕಾವಲಿರುವ ರಕ್ಷಕರು. ನೀರಿನಿಂದ ಎದ್ದವರು ಸೈಕಲ್ ಹತ್ತುವ, ಸೈಕಲ್ ಇಳಿದು ಓಟಕ್ಕೆ ತಿರುಗುವ ಅಂಗಳದಲ್ಲಿ ಒಬ್ಬರ ದಾರಿಗೆ ಇನ್ನೊಬ್ಬರು ಅಡ್ಡ ಬರಬಾರದು. ರಸ್ತೆಯ ಪ್ರತಿ ಕೂಡುಹಾದಿಯಲ್ಲಿ ವಾಹನ ತಡೆಯುವವರು ಬೇಕು. ಕಾಲಿಲ್ಲದವರು ಸ್ಪರ್ಧಿಸುವುದಾದರೆ ನೀರಿನಂಚಿನಿಂದ ಅವರನ್ನು ಎತ್ತಿ ತರುವ ಗಟ್ಟಿ ತೋಳುಗಳು ಬೇಕು, ದಡದಲ್ಲಿ ಅವರವರ ಕೃತಕ ಕಾಲು ಅಥವಾ ವೀಲ್‌ಚೇರ್ ಸಿದ್ಧವಾಗಿ ಕಾದಿರಬೇಕು. ಅಡ್ಡ ಬಂದ ಒಂದು ವ್ಯಾನ್ ಏನು ಮಾಡಬಲ್ಲದೆಂದು ಜಿಮ್ ಅವರ ಗೆಳೆಯರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಅವರಿಗೆ ಅಚ್ಚುಕಟ್ಟುತನವೆಂದರೆ ಜೀವ ಕಾಯುವ ಕೆಲಸ.

ಲಾ ಹೋಯದಲ್ಲಿ ಆ ದಿನ ಮುಗಿದು ಲೆಕ್ಕ ಹಾಕಿದಾಗ ಕೂಡಿದ ಹಣ 49 ಸಾವಿರ ಡಾಲರ್, ಕೇಳಿದ್ದಕ್ಕೆ ಸುಮಾರು ಇಮ್ಮಡಿ. ಇಲ್ಲಿಗೇ ಮುಗಿದಿದ್ದರೂ ಅದೊಂದು ಒಳ್ಳೆಯ ಕತೆಯೇ. ಗೆಳೆಯರು ಕೈಕುಲುಕಿ, ಗುಡಾರ ಮಡಚಿ, ಮನೆಗೆ ಹೋಗುತ್ತಿದ್ದರು.

ಆದರೆ ಸ್ಪರ್ಧೆ ಮುಗಿದ ಮೇಲೆ ಮೂವರು ಹೆಂಗಸರು ಅವರ ಬಳಿ ಬಂದರು. ಮೂವರೂ ಕಾಲು ಕಳೆದುಕೊಂಡ ಕ್ರೀಡಾಪಟುಗಳು. ಜಿಮ್‌ಗಾಗಿ ಮಾಡಿದ್ದು ದೊಡ್ಡ ಕೆಲಸ ಎಂದರು. ಜೊತೆಗೇ ತಮ್ಮ ಮಾತನ್ನೂ ಹೇಳಿದರು. ಕಾಲು ಹೋದರೆ ವಿಮಾ ಕಂಪನಿ ನಡೆಯಲು ಒಂದು ಕಾಲು ಕೊಡಿಸುತ್ತದೆ, ಓಡಲು ಕೊಡಿಸುವುದಿಲ್ಲ. ಓಡುವ ಕಾಲು, ಆಟದ ವೀಲ್‌ಚೇರ್ ಅದರ ಕಣ್ಣಿಗೆ ಚಿಕಿತ್ಸೆಯಲ್ಲ, ಐಷಾರಾಮ. ಜೇಬಿನಲ್ಲಿ ಸಾವಿರಾರು ಡಾಲರ್ ಇದ್ದವರಿಗಷ್ಟೇ ಓಟ.

ಗೆಳೆಯರಿಗೆ ಇದು ಹೊಸ ಸುದ್ದಿ. ವರ್ಷಗಟ್ಟಲೆ ಜಿಮ್ ಅವರ ಓಟ ಕಂಡು ಹೆಮ್ಮೆಪಟ್ಟಿದ್ದರು. ಅಂಥ ಓಟ ಬೇರೆಯವರಿಗೆ ಏಕೆ ದಕ್ಕುತ್ತಿಲ್ಲ ಎಂಬ ಪ್ರಶ್ನೆ ಅವರೆದುರು ಹೀಗೆ ಬಂದಿರಲಿಲ್ಲ. ಧೈರ್ಯವಿಲ್ಲದೆ ಮನೆಯಲ್ಲಿ ಕೂತಿದ್ದಾರೆ ಎಂದು ಲೋಕ ಯಾರನ್ನು ಅಂದುಕೊಂಡಿತ್ತೋ ಅವರಿಗೆ ಕೊರತೆಯಿದ್ದದ್ದು ಒಂದು ಸಲಕರಣೆ. ಲಾ ಹೋಯದ ಆವಿಷ್ಕಾರ ಇದೇ.

ನಡೆಯುವ ಕಾಲಿಗೂ ಓಡುವ ಕಾಲಿಗೂ ಅಷ್ಟೇನು ವ್ಯತ್ಯಾಸ ಎಂದು ಕೇಳಬಹುದು. ಓಡುವಾಗ ಪ್ರತಿ ಹೆಜ್ಜೆಗೂ ದೇಹದ ತೂಕದ ಎರಡು ಮೂರು ಪಟ್ಟು ಭಾರ ಪಾದದ ಮೇಲೆ ಬೀಳುತ್ತದೆ. ನಮ್ಮ ಹಿಮ್ಮಡಿಯ ಸ್ನಾಯುರಜ್ಜು, ಮೀನಖಂಡಗಳು ಸ್ಪ್ರಿಂಗಿನಂತೆ ಆ ಬಲವನ್ನು ಹಿಡಿದಿಟ್ಟು ಮುಂದಿನ ಹೆಜ್ಜೆಗೆ ಮರಳಿಸುತ್ತವೆ. ನಡಿಗೆಗೆಂದು ಮಾಡಿದ ಪಾದ ಹಾಗೆ ಮರಳಿಸದು. ಓಡಿದರೆ ಮೋಟುಗಾಲಿಗೇ ಏಟು, ಗಾಯ. 1976ರಲ್ಲಿ 21ರ ವಯಸ್ಸಿಗೆ ಕಾಲು ಕಳೆದುಕೊಂಡ ಅಮೆರಿಕದ ವ್ಯಾನ್ ಫಿಲಿಪ್ಸ್ ಎಂಬವರು ಈ ಒಗಟನ್ನು ಬಿಡಿಸಲು ಕೂತು ಕಾರ್ಬನ್ ನಾರಿನಿಂದ ಬಾಗಿ ಚಿಮ್ಮುವ ಪಾದ ಮಾಡಿದರು. 1984ರಲ್ಲಿ ಅದನ್ನು ತಯಾರಿಸುವ ಫ್ಲೆಕ್ಸ್-ಫುಟ್ ಕಂಪನಿ ಶುರುವಾಯಿತು. ಇಂದು ಪ್ಯಾರಾಲಿಂಪಿಕ್ಸ್‌ನಲ್ಲಿ ಕಾಣುವ ಬಾಗಿದ ಬ್ಲೇಡುಗಳ ವಂಶ ಅಲ್ಲಿಂದ ಬಂದದ್ದು.

ನಮಗೆ ಇದನ್ನು ಅರ್ಥ ಮಾಡಿಕೊಳ್ಳಲು ಜೈಪುರ ಕಾಲು ಸಾಕು. ಪಶ್ಚಿಮದಿಂದ ಬಂದ ಪಾದ ಬೂಟಿಗೆ, ಕುರ್ಚಿಗೆ ತಕ್ಕಂತೆ ಇತ್ತು. ನಮ್ಮ ರೈತ ಕುಕ್ಕರಗಾಲಿನಲ್ಲಿ ಕೂರಬೇಕು, ಚಕ್ಕಳಮಕ್ಕಳ ಹಾಕಬೇಕು, ಬರಿಗಾಲಲ್ಲಿ ಕೆಸರುಗದ್ದೆಗಿಳಿಯಬೇಕು. ಅದನ್ನು ಕಂಡೇ ಡಾ. ಪಿ.ಕೆ. ಸೇಥಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ ಜೈಪುರದಲ್ಲಿ ರಬ್ಬರಿನ ಪಾದ ರೂಪಿಸಿದರು. ಕಾಲು ಕೊಡುವ ಮೊದಲು ಆ ಕಾಲಿನಿಂದ ಏನು ಮಾಡುತ್ತೀರಿ ಎಂದು ಕೇಳಬೇಕು. ಜೈಪುರದಲ್ಲಿ ಆ ಪ್ರಶ್ನೆಯನ್ನು ಕಾಲು ಮಾಡುವವರು ಕೇಳಿದರು. ಲಾ ಹೋಯದಲ್ಲಿ ಕಾಲು ಬೇಕಾದವರೇ ಬಂದು ಉತ್ತರ ಹೇಳಿದರು.

ಒಂದು ಬಾರಿಗೆಂದು ಹೊರಟ ಸ್ಪರ್ಧೆ ವರ್ಷ ವರ್ಷವೂ ನಡೆಯತೊಡಗಿತು. 1997ರಲ್ಲಿ ಚಾಲೆಂಜ್ಡ್ ಅಥ್ಲೀಟ್ಸ್ ಫೌಂಡೇಶನ್ ಎಂಬ ಸಂಸ್ಥೆಯಾಯಿತು. ಓಡುವ ಕಾಲು, ಆಟದ ವೀಲ್‌ಚೇರ್, ಕೈಯಿಂದ ತಿರುಗಿಸುವ ಸೈಕಲ್, ತರಬೇತಿ ಮತ್ತು ಪ್ರಯಾಣದ ಖರ್ಚು, ಹೀಗೆ ವಿಮೆ ಕೊಡದ್ದನ್ನು ಕೊಡುವುದೇ ಅದರ ಕೆಲಸ.

ಲಾ ಹೋಯದ ದಂಡೆಗೆ ಬಂದವರಲ್ಲಿ ಒಬ್ಬ ಪುಟ್ಟ ಹುಡುಗ ರೂಡಿ ಗಾರ್ಸಿಯಾ-ಟೋಲ್ಸನ್. ಹುಟ್ಟಿನ ತೊಂದರೆಯಿಂದಾಗಿ ಐದನೇ ವಯಸ್ಸಿಗೆ ಎರಡೂ ಕಾಲನ್ನು ಮೊಣಕಾಲಿನ ಮೇಲಿನಿಂದಲೇ ತೆಗೆಯಬೇಕಾಯಿತು. ಅಲ್ಲಿನ ರಿಲೇ ತಂಡದಲ್ಲಿ ಅವನು ಈಜುತ್ತಿದ್ದ, ಹಾಲಿವುಡ್ ನಟ ರಾಬಿನ್ ವಿಲಿಯಮ್ಸ್ ಸೈಕಲ್ ತುಳಿಯುತ್ತಿದ್ದರು. ಆ ಹುಡುಗ 2004ರಲ್ಲಿ ಅಥೆನ್ಸ್ ಪ್ಯಾರಾಲಿಂಪಿಕ್ಸ್‌ನ ಈಜಿನಲ್ಲಿ ಚಿನ್ನ ಗೆದ್ದ. 2009ರಲ್ಲಿ ಅರಿಜೋನಾದ ಐರನ್‌ಮ್ಯಾನ್ ಕೂಡ ಮುಗಿಸಿದ.

ಇನ್ನೊಬ್ಬರು ಬಂದದ್ದು ಕಾಗದದ ಮೂಲಕ. ಘಾನಾ ದೇಶದ ಇಮ್ಯಾನುಯೆಲ್ ಒಫೊಸು ಯೆಬೋವಾ ಬಲಗಾಲಿನ ಮೊಣಕಾಲ ಕೆಳಗಿನ ದೊಡ್ಡ ಮೂಳೆಯೇ ಇಲ್ಲದೆ ಹುಟ್ಟಿದವರು. ಅಂಥ ಮಕ್ಕಳಿಗೆ ಭಿಕ್ಷೆಯೇ ಗತಿ ಎಂದು ಅವರ ಸುತ್ತಲಿನ ಸಮಾಜ ನಂಬಿತ್ತು. ತಾಯಿ ಅವರನ್ನು ಹೊತ್ತು ಶಾಲೆಗೆ ಸೇರಿಸಿದರು. ಬೆಳೆದ ಮೇಲೆ ಅವರು ಫೌಂಡೇಶನ್‌ಗೆ ಪತ್ರ ಬರೆದು ಒಂದು ಸೈಕಲ್ ಕೇಳಿದರು. ಸೈಕಲ್ ಬಂತು. ಒಂದೇ ಕಾಲಿನಿಂದ ತುಳಿಯುತ್ತ ಘಾನಾದ ಉದ್ದಕ್ಕೂ ಸುಮಾರು 600 ಕಿಲೋಮೀಟರ್ ಸಾಗಿ, ಅಂಗವಿಕಲರನ್ನು ನೋಡುವ ಕಣ್ಣು ಬದಲಾಗಲಿ ಎಂದು ಊರೂರಿಗೆ ಹೇಳಿದರು. 2002ರಲ್ಲಿ ಅವರನ್ನು ಕ್ಯಾಲಿಫೋರ್ನಿಯಾದ ಈ ಟ್ರಯಾಥ್ಲಾನ್‌ಗೆ ಕರೆಸಿದರು. 56 ಮೈಲಿ ಸೈಕಲ್ ಹಾದಿಯನ್ನು ಒಂದೇ ಕಾಲಿನಲ್ಲಿ ಸುಮಾರು ಏಳು ಗಂಟೆಯಲ್ಲಿ ಮುಗಿಸಿದರು. ಆಮೇಲೆ ಶಸ್ತ್ರಚಿಕಿತ್ಸೆಯಾಗಿ ಕೃತಕ ಕಾಲು ಬಂತು. ಮರುವರ್ಷ ಅದೇ ದೂರಕ್ಕೆ ಸುಮಾರು ನಾಲ್ಕು ಗಂಟೆ ಸಾಕಾಯಿತು. ಸಲಕರಣೆಯೊಂದು ಉಳಿಸಿದ ಆ ಮೂರು ಗಂಟೆಯಲ್ಲಿ ಮೂವರು ಹೆಂಗಸರ ಮಾತಿಗೆ ಪುರಾವೆ ಇದೆ. 2006ರಲ್ಲಿ ಘಾನಾದ ಸಂಸತ್ತು ಅಂಗವಿಕಲರ ಹಕ್ಕುಗಳ ಕಾಯ್ದೆಯನ್ನು ಅಂಗೀಕರಿಸಿತು. ಅದಕ್ಕಾಗಿ ದನಿ ಎತ್ತಿದವರಲ್ಲಿ ಇಮ್ಯಾನುಯೆಲ್ ಒಬ್ಬರು.

ಅದರ ಹಿಂದಿನ ವರ್ಷ, 2005ರಲ್ಲಿ, ಆರ್ಥರ್ ಆಶ್ ಹೆಸರಿನ ಧೈರ್ಯ ಪ್ರಶಸ್ತಿ ಇಬ್ಬರಿಗೆ ಒಟ್ಟಿಗೆ ಸಂದಿತು. ಒಬ್ಬರು ಇಮ್ಯಾನುಯೆಲ್, ಇನ್ನೊಬ್ಬರು ಜಿಮ್ ಮ್ಯಾಕ್‌ಲಾರೆನ್. ಜಿಮ್ 2010ರಲ್ಲಿ, 47ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ವ್ಯಾನಿಗೆಂದು ಶುರುವಾದ ಕೆಲಸ ಕೂಡಿಸಿದ ಹಣ ಈಗ 15 ಕೋಟಿ ಡಾಲರ್ ದಾಟಿದೆ.

ನಮ್ಮೂರುಗಳಲ್ಲೂ ಒಳ್ಳೆಯ ಉದ್ದೇಶಕ್ಕೆಂದು ಓಟ, ಸೈಕಲ್ ಜಾಥಾ, ಈಜು ನಡೆಸುವವರು ಬಹಳ ಮಂದಿ. ಅವರಲ್ಲಿ ಒಂದು ಬಿನ್ನಹ. ರಸ್ತೆಗೆ ಕಾವಲು ಹಾಕಿ, ನೀರಿಗೆ ಕಣ್ಣಿಡಿ, ಹಣದ ಲೆಕ್ಕ ಸರಿಯಾಗಿಡಿ. ಎಲ್ಲ ಮುಗಿದ ಮೇಲೆ ಶಾಮಿಯಾನ ಬಿಚ್ಚುವ ಆತುರ ಬೇಡ. ಇನ್ನೂ ಅರ್ಧ ಗಂಟೆ ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿರಿ. ಯಾರೋ ಬಂದು ನಿಮಗೆ ಗೊತ್ತಿಲ್ಲದ ಒಂದು ಮಾತು ಹೇಳಬಹುದು. ಅದನ್ನು ಬರೆದಿಟ್ಟುಕೊಳ್ಳಿ, ಮುಂದಿನ ವರ್ಷದ ಕೆಲಸ ಅಲ್ಲಿಂದಲೇ ಶುರುವಾಗಲಿ.